ಮೀನು ಸಾಕಣೆ ಕಲಿಯಬೇಕಾ? ಮೊದಲು ಬೆಳಗಿನ ಜಾವ ಹೊಂಡದ ದಂಡೆಗೆ ಹೋಗಿ

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ನೆಂಟರ ಮಕ್ಕಳು, ಅವರ ಗೆಳೆಯರು, ಗೆಳೆಯರ ಅಪ್ಪಂದಿರು, ಎಲ್ಲರದ್ದೂ ಒಂದೇ ಪ್ರಶ್ನೆ: "ಫಿಶರೀಸ್ ತಗೊಂಡ್ರೆ ಸ್ಕೋಪ್ ಇದೆಯಾ?" ಈ ಸ್ಕೋಪ್ ಅನ್ನುವ ಪದ ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಕೆಲಸ ಇದೆ ಮಾರಾಯ್ರೆ. ಆದರೆ ನಾಲ್ಕೂವರೆಗೆ ಎದ್ದು, ಟಾರ್ಚ್ ಹಿಡಿದು, ಕೆಸರಲ್ಲಿ ನಡೆದು ಹೊಂಡ ನೋಡಿ ಬರುವ ಮನಸ್ಸು ನಿಮಗಿದೆಯಾ?

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಡಿಗ್ರಿ ಮುಗಿಸಿ ಒಂದು ಖಾಸಗಿ ಫಾರಂಗೆ ಸೇರಿದ್ದೆ. ಮೂರನೇ ವಾರ. ಎರಡು ದಿನದಿಂದ ಮೋಡ, ಬಿಸಿಲಿನ ಸುಳಿವೇ ಇಲ್ಲ. ಆದರೂ ಸಂಜೆ ಎಂದಿನಂತೆ ಪೂರ್ತಿ ಫೀಡ್ ಹಾಕಿಸಿ, ರಿಜಿಸ್ಟರಿನಲ್ಲಿ "ಎಲ್ಲಾ ಸರಿ" ಅಂತ ಬರೆದು ಮಲಗಿದೆ. ರಾತ್ರಿ ಕರೆಂಟ್ ಹೋಯಿತು, ನೀರಿಗೆ ಗಾಳಿ ಕೊಡುವ ಏರೇಟರ್ ನಿಂತಿತು. ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ. ಬೆಳಗಿನ ಜಾವ ವಾಚ್‌ಮನ್ ಬಂದು ಬಾಗಿಲು ಬಡಿದ. ಹೋಗಿ ನೋಡಿದರೆ ಇಡೀ ಹೊಂಡದ ಮೇಲ್ಮೈ ಪಟಪಟ ಅನ್ನುತ್ತಿದೆ, ಸಾವಿರಾರು ಬಾಯಿಗಳು ನೀರಿನಿಂದ ಹೊರಗೆ ಬಂದು ಗಾಳಿ ನುಂಗುತ್ತಿವೆ. ಮೊದಲು ಬೆಳ್ಳಿಗೆಂಡೆ ಹೋದವು, ಆಮೇಲೆ ಕಾಟ್ಲಾ. ಸೂರ್ಯ ಬರುವ ಹೊತ್ತಿಗೆ ದಂಡೆಯ ಉದ್ದಕ್ಕೂ ಬಿಳಿ ಹೊಟ್ಟೆಗಳು. ತಮಾಷೆ ಏನೆಂದರೆ, ನೀರಿನ ಆಮ್ಲಜನಕದ ಬಗ್ಗೆ ನಾನು ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ತೆಗೆದವನು.

ಕಾರಣ ಪುಸ್ತಕದಲ್ಲೇ ಇತ್ತು. ಹಸಿರು ನೀರಿನ ಪಾಚಿ ಹಗಲಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ತಿನ್ನುತ್ತದೆ. ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ತೀರಾ ತಳ ಮುಟ್ಟಿರುತ್ತದೆ. ಮೋಡ ಕವಿದ ದಿನ ಸಂಪಾದನೆಯೇ ಕಡಿಮೆ, ಖರ್ಚು ಮಾತ್ರ ಅಷ್ಟೇ. ಅಂಥ ದಿನ ಫೀಡ್ ಅರ್ಧ ಮಾಡಬೇಕು, ಇಲ್ಲವೇ ನಿಲ್ಲಿಸಬೇಕು. ಗೊತ್ತಿತ್ತು, ಕೈಗೆ ಬಂದಿರಲಿಲ್ಲ.

ಹಾಗಾಗಿ ಈ ಲೇಖನದ ಕ್ರಮ ಸ್ವಲ್ಪ ಉಲ್ಟಾ. ಕಾಲೇಜು ಆಮೇಲೆ, ಹೊಂಡ ಮೊದಲು.

1. ಅರ್ಜಿ ಹಾಕುವ ಮುಂಚೆ ಒಂದು ವಾರ ನೋಡಿ

ಮೀನುಗಾರಿಕೆ ಇಲಾಖೆಯ ಮೀನುಮರಿ ಉತ್ಪಾದನಾ ಕೇಂದ್ರಗಳಿವೆ. ಭದ್ರಾ ಅಣೆಕಟ್ಟಿನ ಬಳಿ ಬಿಆರ್‌ಪಿಯಲ್ಲಿ ಒಂದಿದೆ, ತುಂಗಭದ್ರಾ ಡ್ಯಾಂ ಬಳಿ ಇದೆ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ, "ಸಾರ್, ಒಂದು ವಾರ ನೋಡಬೇಕು, ಏನು ಕೆಲಸ ಹೇಳಿದರೂ ಮಾಡುತ್ತೇನೆ" ಅನ್ನಿ. ಜೂನ್‌ನಿಂದ ಆಗಸ್ಟ್ ಒಳಗೆ ಹೋದರೆ ಮರಿ ಮಾಡುವ ಸೀಸನ್ ಸಿಗುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ.

ಏನು ನೋಡುತ್ತೀರಿ ಗೊತ್ತಾ? ಸಂಜೆ ಹೊತ್ತು ಹೊಟ್ಟೆ ಉಬ್ಬಿದ ಹೆಣ್ಣು ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಹಾರ್ಮೋನ್ ಚುಚ್ಚುತ್ತಾರೆ. ಗಂಡು ಮೀನನ್ನು ಜೊತೆಗೆ ಬಿಟ್ಟು, ಗುಂಡಗಿನ ತೊಟ್ಟಿಯಲ್ಲಿ ನೀರು ಸುತ್ತುತ್ತಿರುವಂತೆ ಬಿಡುತ್ತಾರೆ. ನಾಲ್ಕರಿಂದ ಆರು ಗಂಟೆಯಲ್ಲಿ ಮೊಟ್ಟೆ. ನೀರು ಹೀರಿ ಊದಿದ ಮೊಟ್ಟೆಗಳು ನೆನೆಸಿದ ಸಬ್ಬಕ್ಕಿ ಥರ ಇರುತ್ತವೆ, ಬೊಗಸೆಯಲ್ಲಿ ಹಿಡಿದರೆ ಒಳಗೆ ಚುಕ್ಕಿ ಕಾಣುತ್ತದೆ. ಮಾರನೇ ದಿನ ಅದೇ ಚುಕ್ಕಿ ಬಾಲ ಆಡಿಸುತ್ತದೆ. ನದಿಯಲ್ಲಿ ಮಾತ್ರ ಮರಿ ಹಾಕುತ್ತಿದ್ದ ಗೆಂಡೆ ಮೀನುಗಳಿಗೆ ಹೀಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸಿದ್ದು 1957ರ ಜುಲೈ 10ರಂದು, ಒಡಿಶಾದ ಅಂಗುಲ್‌ನಲ್ಲಿ, ವಿಜ್ಞಾನಿಗಳಾದ ಹೀರಾಲಾಲ್ ಚೌಧರಿ ಮತ್ತು ಆಲಿಕುಂಞಿ. ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಆಚರಿಸುವುದು ಇದಕ್ಕೇ. ಅದಕ್ಕೂ ಮೊದಲು ಸಾಕುವವರು ಮಳೆಗಾಲದಲ್ಲಿ ನದಿಯಿಂದ ಮರಿ ಹಿಡಿದು ತರಬೇಕಿತ್ತು, ಅದರಲ್ಲಿ ಯಾವ ಮೀನಿನ ಮರಿ ಬಂತೋ ಅದೇ ಗತಿ.

ಈ ಒಂದು ವಾರದಲ್ಲಿ ವಾಸನೆ, ಕೆಸರು, ನಿದ್ದೆಗೆಡುವುದು ನಿಮಗೆ ಹಿಡಿಸದಿದ್ದರೆ ಒಳ್ಳೆಯದೇ ಆಯಿತು. ನಾಲ್ಕು ವರ್ಷ ಉಳಿಯಿತು.

2. ಯಾವ ನೀರು?

ಸಿಹಿನೀರು, ಚೌಳುನೀರು (ಅಳಿವೆಯಲ್ಲಿ ಸಿಹಿ, ಉಪ್ಪು ಬೆರೆತ ನೀರು), ಸಮುದ್ರ. ಮೂರೂ ಬೇರೆ ಬೇರೆ ಲೋಕ. ಬಯಲುಸೀಮೆಯವರಿಗೆ ಕೆರೆ, ಕೃಷಿಹೊಂಡ, ಜಲಾಶಯ: ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ. ಕರಾವಳಿಯವರಿಗೆ ಸಿಗಡಿ, ಸೀಬಾಸ್ ಮೀನು, ಪಚ್ಚಿಲೆ ಅನ್ನುವ ಚಿಪ್ಪುಜೀವಿ, ಅಳಿವೆಯಲ್ಲಿ ಪಂಜರ ಕೃಷಿ. ಬೈಂದೂರಿನ ಉಪ್ಪುಂದದಲ್ಲಿ ಮೀನುಗಾರ ಕುಟುಂಬಗಳು ಅಳಿವೆಯಲ್ಲಿ ಪಂಜರ ಇಟ್ಟು ಸೀಬಾಸ್ ಬೆಳೆಸಿದ್ದಾರೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಇದರ ಬೆನ್ನಿಗಿತ್ತು. ಅದರ ಕೇಂದ್ರಗಳು ಮಂಗಳೂರು, ಕಾರವಾರ ಎರಡೂ ಕಡೆ ಇವೆ.

'ಸುಸ್ಥಿರ' ಅನ್ನುವ ಪದ ಕೇಳಿ ವಿದೇಶದ ಕಡೆ ನೋಡುವವರಿಗೆ ನಾನು ಹೇಳುವುದು: ಮೊದಲು ಕುಮಟಾಕ್ಕೆ ಹೋಗಿ ಅಘನಾಶಿನಿ ನದಿಯ ಅಳಿವೆಯಲ್ಲಿರುವ ಗಜನಿ ಗದ್ದೆ ನೋಡಿ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ, ಉಪ್ಪುನೀರು ತಡೆಯುವ ಭತ್ತ. ಕೊಯ್ಲಾದ ಮೇಲೆ ತೂಬು ತೆಗೆದರೆ ಭರತದ ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಕೊಳೆತ ಕೂಳೆಯೇ ಅವಕ್ಕೆ ಊಟ. ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಫೀಡ್ ಇಲ್ಲ, ಔಷಧ ಇಲ್ಲ. ಇಳುವರಿ ಜಾಸ್ತಿ ಇಲ್ಲ, ಒಪ್ಪೋಣ. ಆದರೆ ವಿದೇಶದ ಪಠ್ಯದಲ್ಲಿ ನೀವು ಮುಂದೆ ಓದುವ ಅರ್ಧ ವಿಷಯ ಅಲ್ಲಿ ನಿಮ್ಮ ಕಾಲ ಬುಡದಲ್ಲಿದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

3. ಕಾಲೇಜು

ದೇಶದ ಮೊದಲ ಮೀನುಗಾರಿಕೆ ಕಾಲೇಜು ಎಲ್ಲಿದೆ ಅಂದರೆ ನಮ್ಮ ಹುಡುಗರಿಗೇ ಗೊತ್ತಿರುವುದಿಲ್ಲ. ಮಂಗಳೂರಿನ ಎಕ್ಕೂರಿನಲ್ಲಿ, 1969ರಿಂದ. ಈಗ ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಮೀನುಗಾರಿಕೆಯ ಪದವಿ, ಅಂದರೆ ಬಿಎಫ್‌ಎಸ್ಸಿ, ನಾಲ್ಕು ವರ್ಷ. ಪಿಯುಸಿಯಲ್ಲಿ ಜೀವಶಾಸ್ತ್ರ ಇರಲೇಬೇಕು, ಸೀಟು ಕೆಸಿಇಟಿ ಮೂಲಕ. ರೈತರ ಮಕ್ಕಳಾದರೆ ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆ ಬಿಡಬೇಡಿ. ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪರೀಕ್ಷೆ ಅದು. ಹೊಲದಲ್ಲಿ ಬೆಳೆದವರಿಗೆ ಸುಲಭ, ಆದರೂ ಒಮ್ಮೆ ಅಜ್ಜನ ಜೊತೆ ಕೂತು ಕಾಳುಗಳ ಹೆಸರು ಹೇಳಿಸಿಕೊಳ್ಳಿ. ಹುರುಳಿ, ಮಡಕೆ ಕಾಳಿಗೆ ವ್ಯತ್ಯಾಸ ತಿಳಿಯದೆ ನಿಂತವರನ್ನು ನಾನು ನೋಡಿದ್ದೇನೆ. ಹೊರರಾಜ್ಯಕ್ಕೂ ಹೋಗಲು ತಯಾರಿದ್ದರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಸೀಟುಗಳಿವೆ, ಅದಕ್ಕೆ ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಕೇರಳದ ಪನಂಗಾಡ್, ತಮಿಳುನಾಡಿನ ತೂತ್ತುಕುಡಿ, ಆಂಧ್ರದ ಮುತ್ತುಕೂರು ಎಲ್ಲವೂ ಒಳ್ಳೆಯ ಜಾಗಗಳೇ. ಆಂಧ್ರ ಬೇಡ ಅನ್ನುವವರು ಯೋಚಿಸಿ: ಹೊಂಡದ ಸಿಗಡಿ, ಗೆಂಡೆ ಎರಡರಲ್ಲೂ ದೇಶದಲ್ಲಿ ಅವರದ್ದೇ ಮೊದಲ ಸ್ಥಾನ, ಕಲಿಯುವುದಾದರೆ ಅಂಥ ಕಡೆ ಕಲಿಯಬೇಕು ಅಲ್ವಾ.

ಒಂದು ಮುಖ್ಯವಾದ ಎಚ್ಚರಿಕೆ. "ಈಗ ಬಿಎಸ್ಸಿ ಜುವಾಲಜಿ ಮಾಡಿ ಆಮೇಲೆ ಎಂಎಫ್‌ಎಸ್ಸಿ ಸೇರುತ್ತೇನೆ" ಅನ್ನುವ ಲೆಕ್ಕ ಹಾಕಬೇಡಿ. ಐಸಿಎಆರ್ ಪರೀಕ್ಷೆಯಲ್ಲಿ ಎಂಎಫ್‌ಎಸ್ಸಿಗೆ, ಅಂದರೆ ಮೀನುಗಾರಿಕೆಯ ಸ್ನಾತಕೋತ್ತರ ಪದವಿಗೆ, ಬಿಎಫ್‌ಎಸ್ಸಿ ಕೇಳುತ್ತಾರೆ. ಜುವಾಲಜಿಯವರಿಗೆ ದಾರಿ ಬೇರೆ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಕಾರವಾರದ ಕಡಲ ದಂಡೆಯಲ್ಲೇ ಇದೆ, ಎಂಎಸ್ಸಿಗೆ ಅದನ್ನು ನೋಡಿ. ಬಿಎಫ್‌ಎಸ್ಸಿ ಮುಗಿಸಿದವರು ಮುಂದೆ ಮುಂಬೈನ ವರ್ಸೋವಾದ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಗೆ ಗುರಿ ಇಡುತ್ತಾರೆ. 1961ರ ಸಂಸ್ಥೆ ಅದು, ಎಂಎಫ್‌ಎಸ್ಸಿ, ಪಿಎಚ್‌ಡಿ ಎರಡೂ ಇದೆ. ಜಲಕೃಷಿ, ಆಹಾರ, ರೋಗ, ತಳಿ, ಹೀಗೆ ವಿಷಯ ಆರಿಸಿಕೊಳ್ಳಬೇಕಾಗುತ್ತದೆ. ನನ್ನನ್ನು ಕೇಳಿದರೆ ಆಹಾರ ಅಥವಾ ರೋಗ. ಫಾರಂನ ದುಡ್ಡು ಹೋಗುವುದು ಈ ಎರಡು ಕಡೆಗೇ.

4. ಡಿಗ್ರಿ ಬೇಡ ಅನ್ನುವವರಿಗೆ

ಬೇಡವೆಂದರೆ ಬೇಡ. ಒಳ್ಳೆಯ ಹ್ಯಾಚರಿ ಮೇಸ್ತ್ರಿಗಳಲ್ಲಿ ಎಷ್ಟೋ ಜನ ಹತ್ತನೇ ತರಗತಿ ದಾಟದವರು. ಇಲಾಖೆಯ ತರಬೇತಿಗಳಿವೆ, ಕೃಷಿ ವಿಜ್ಞಾನ ಕೇಂದ್ರಗಳಿವೆ. ಮಂಗಳೂರಿನ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರ ಇರುವುದು ಮೀನುಗಾರಿಕೆ ಕಾಲೇಜಿನ ಜೊತೆಗೇ. ಬೆಂಗಳೂರಿನ ಹೆಸರಘಟ್ಟದಲ್ಲಿ ಸಿಹಿನೀರು ಜಲಕೃಷಿ ಸಂಸ್ಥೆಯಾದ ಸಿಫಾದ ಪ್ರಾದೇಶಿಕ ಕೇಂದ್ರ ಇದೆ. ಮುಖ್ಯ ಸಂಸ್ಥೆ ಭುವನೇಶ್ವರದ ಕೌಸಲ್ಯಾಗಂಗಾದಲ್ಲಿ. ಬೇಗ ಬೆಳೆಯುವ ಜಯಂತಿ ರೋಹು ತಳಿ ಬಂದದ್ದು ಅಲ್ಲಿಂದಲೇ. ಸಿಗಡಿ, ಚೌಳುನೀರು ಅಂದರೆ ಚೆನ್ನೈನ ಚೌಳುನೀರು ಜಲಕೃಷಿ ಸಂಸ್ಥೆ ಸಿಬಾ. ಇವೆಲ್ಲ ಕೆಲವೇ ದಿನಗಳ ತರಬೇತಿಗಳು. ಸರ್ಟಿಫಿಕೇಟು ಗೋಡೆಗೆ ಹಾಕುವುದಕ್ಕಲ್ಲ, ಬ್ಯಾಂಕಿಗೆ ಮತ್ತು ಸಬ್ಸಿಡಿ ಅರ್ಜಿಗೆ ಬೇಕಾಗುತ್ತದೆ.

ಸಬ್ಸಿಡಿ ಅಂದಾಗ ನೆನಪಾಯಿತು. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಘಟಕದ ವೆಚ್ಚಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಶೇ. 60 ನೆರವು ಅಂತ ಇಟ್ಟಿದ್ದರು. ಇದನ್ನು ಕೇಳಿದ ಕೂಡಲೇ ಯೂಟ್ಯೂಬ್ ನೋಡಿ ಬಯೋಫ್ಲಾಕ್ ಟ್ಯಾಂಕ್ ಹಾಕಿದವರು ಎಷ್ಟೋ ಮಂದಿ. ನನ್ನ ಪರಿಚಯದ ಮೂವರು ಟ್ಯಾಂಕನ್ನು ಟಾರ್ಪಾಲಿನ್ ಬೆಲೆಗೆ ಮಾರಿದರು. ಬಯೋಫ್ಲಾಕ್ ಕೆಟ್ಟದ್ದಲ್ಲ. ಬೆಲ್ಲ ಹಾಕಿ ಬ್ಯಾಕ್ಟೀರಿಯಾ ಬೆಳೆಸಿ, ಅದೇ ಬ್ಯಾಕ್ಟೀರಿಯಾ ಅಮೋನಿಯಾ ತಿಂದು ಮೀನಿಗೆ ಮತ್ತೆ ಆಹಾರ ಆಗುವ ಜಾಣ ಉಪಾಯ ಅದು. ಆದರೆ ಗಾಳಿ ದಿನದ 24 ಗಂಟೆ ಬೇಕು. ನಮ್ಮ ಹಳ್ಳಿಯ ಕರೆಂಟಿಗೆ ಒಂದು ಗಂಟೆ ಮುನಿಸು ಬಂದರೆ ಕಥೆ ಮುಗಿಯಿತು. ಮಣ್ಣಿನ ಹೊಂಡದಲ್ಲಿ ಎರಡು ಬೆಳೆ ತೆಗೆಯದೆ ಟ್ಯಾಂಕಿಗೆ ಕೈ ಹಾಕಬೇಡಿ.

5. ಕೈಗೆ ಬರಬೇಕಾದ ವಿದ್ಯೆ

ಬೀಸುಬಲೆ ಬೀಸಲು ಕಲಿಯಿರಿ. ನಗಬೇಡಿ. ಬಲೆ ಗುಂಡಗೆ ಬಿಚ್ಚಿಕೊಳ್ಳದಿದ್ದರೆ ಮೀನಿನ ಸರಾಸರಿ ತೂಕ ಸಿಗುವುದಿಲ್ಲ, ತೂಕ ಇಲ್ಲದೆ ಫೀಡಿನ ಲೆಕ್ಕ ಇಲ್ಲ. ನನಗೆ ಇದು ಬರಲು ಎರಡು ತಿಂಗಳು ಹಿಡಿಯಿತು, ಅಲ್ಲಿಯವರೆಗೆ ಬಲೆ ಮುದ್ದೆಯಾಗಿ ನೀರಿಗೆ ಬೀಳುತ್ತಿತ್ತು, ಕೆಲಸದವರು ಆ ಕಡೆ ತಿರುಗಿ ನಗುತ್ತಿದ್ದರು.

ನೀರಿನ ಪರೀಕ್ಷೆ ಮೀಟರಿಲ್ಲದೆ ಮಾಡಲು ಬರಬೇಕು. ನೀರಿನ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ ಕಾಲೇಜಿನಲ್ಲಿ ಎಲ್ಲರೂ ಮಾಡುತ್ತಾರೆ, ಮರೆಯುತ್ತಾರೆ. ಬಾಟಲಿಯಲ್ಲಿ ನೀರು ತುಂಬಿ ಎರಡು ದ್ರಾವಣ ಹಾಕಿ ಅಲ್ಲಾಡಿಸಿ. ಕಾಫಿ ಬಣ್ಣದ ಗಸಿ ಕೂತರೆ ಆಮ್ಲಜನಕ ಇದೆ. ಗಸಿ ಬೆಳ್ಳಗೇ ಉಳಿದರೆ ಓಡಿ ಹೋಗಿ ಏರೇಟರ್ ಹಾಕಿ, ಉಳಿದ ಟೈಟ್ರೇಷನ್ ಆಮೇಲೆ. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ನೆಮ್ಮದಿ, 3ಕ್ಕಿಂತ ಕೆಳಗೆ ಮೀನು ಒದ್ದಾಡುತ್ತದೆ. ಪಿಎಚ್ 7ರಿಂದ 8.5. ಕಪ್ಪು ಬಿಳಿ ತಟ್ಟೆಯನ್ನು ದಾರದಲ್ಲಿ ಇಳಿಬಿಟ್ಟಾಗ 30–40 ಸೆಂಟಿಮೀಟರಿಗೆ ಕಣ್ಮರೆಯಾದರೆ ನೀರಿನ ಹಸಿರು ಹದವಾಗಿದೆ. 20ಕ್ಕೇ ಮಾಯವಾದರೆ ಪಾಚಿ ವಿಪರೀತ, ಬೆಳಗಿನ ಜಾವ ಗಂಡಾಂತರ.

ಆಮೇಲೆ ಲೆಕ್ಕ. ಅರ್ಧ ಎಕರೆ ಹೊಂಡದಲ್ಲಿ 1,000 ಮೀನಿವೆ ಅಂತಿಟ್ಟುಕೊಳ್ಳಿ. ಬಲೆ ಬೀಸಿ 30 ಮೀನು ತೂಗಿದಿರಿ, 9 ಕಿಲೋ ಬಂತು. ಅಂದರೆ ಒಂದಕ್ಕೆ 300 ಗ್ರಾಂ, ಒಟ್ಟು 300 ಕಿಲೋ. ಮೀನಿನ ಒಟ್ಟು ತೂಕದ ಶೇ. 3ರಂತೆ ದಿನಕ್ಕೆ 9 ಕಿಲೋ ಫೀಡ್. ಇಲ್ಲಿಯವರೆಗೆ ಎಲ್ಲರೂ ಮಾಡುತ್ತಾರೆ. ಮುಂದಕ್ಕೆ ಹೋಗೋಣ. ಫೀಡಿನಲ್ಲಿ ಶೇ. 28 ಪ್ರೋಟೀನ್ ಇದ್ದರೆ 9 ಕಿಲೋದಲ್ಲಿ ಎರಡೂವರೆ ಕಿಲೋ ಪ್ರೋಟೀನ್, ಅದನ್ನು 6.25ರಿಂದ ಭಾಗಿಸಿದರೆ ಸುಮಾರು 400 ಗ್ರಾಂ ಸಾರಜನಕ. ಮೀನು ಅದರಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗ ಮೈಗೆ ಹತ್ತಿಸಿಕೊಳ್ಳುತ್ತದೆ. ಉಳಿದ ಸುಮಾರು 270 ಗ್ರಾಂ ದಿನಾ ನಿಮ್ಮ ನೀರಿಗೆ ಸೇರುತ್ತಿದೆ, ಬಹುಪಾಲು ಅಮೋನಿಯಾ ಆಗಿ. ಆ ನೀರನ್ನು ಕೊನೆಗೆ ಎಲ್ಲಿಗೆ ಬಿಡುತ್ತೀರಿ? ಪಕ್ಕದ ಹಳ್ಳಕ್ಕೋ, ತೆಂಗಿನ ತೋಟಕ್ಕೋ? ಸುಸ್ಥಿರ ಅನ್ನುವ ಮಾತು ನನಗೆ ಅರ್ಥವಾಗಿದ್ದು ಈ ಲೆಕ್ಕ ಮಾಡಿದ ದಿನ. ತೋಟಕ್ಕೆ ಬಿಟ್ಟರೆ ಗೊಬ್ಬರ, ಹಳ್ಳಕ್ಕೆ ಬಿಟ್ಟರೆ ಕೊಳಕು.

6. ಸುಸ್ಥಿರ ಅಂದರೆ ಕೇಳಬೇಕಾದ ಪ್ರಶ್ನೆಗಳು

ಕಾಲೇಜಿನಲ್ಲಿ ಇದಕ್ಕೆ ಒಂದು ಪೇಪರ್ ಇರುತ್ತದೆ, ಬಾಯಿಪಾಠ ಮಾಡಿ ಬರೆದು ಬರುತ್ತಾರೆ. ನೀವು ಫಾರಂಗೆ ಹೋದಾಗ ಇಷ್ಟು ಕೇಳಿ ನೋಡಿ. ಒಂದು ಕಿಲೋ ಮೀನಿಗೆ ಎಷ್ಟು ಕಿಲೋ ಫೀಡ್ ಹೋಯಿತು? ಗೆಂಡೆಗೆ ಒಂದೂವರೆಯಿಂದ ಎರಡು ಸಹಜ, ಅದಕ್ಕಿಂತ ಜಾಸ್ತಿ ಅಂದರೆ ಯಾರೋ ಫೀಡನ್ನು ನೀರಿಗೆ ಸುರಿಯುತ್ತಿದ್ದಾರೆ. ಫೀಡಿನಲ್ಲಿ ಮೀನುಪುಡಿ ಎಷ್ಟಿದೆ, ಎಲ್ಲಿಯದು? ನಮ್ಮ ಕರಾವಳಿಯಲ್ಲೇ ಮೀನುಪುಡಿ ಕಾರ್ಖಾನೆಗಳಿವೆ. ಬೆರಳುದ್ದದ ಬೂತಾಯಿ ಮರಿಗಳನ್ನೂ ಪುಡಿ ಮಾಡಿ ಸಿಗಡಿಗೆ ತಿನ್ನಿಸಿದರೆ ಸಮುದ್ರ ಉಳಿಸಿದ ಹಾಗಾಯಿತಾ? ಪಚ್ಚಿಲೆ, ಬಳಚಿನಂಥ ಚಿಪ್ಪುಜೀವಿಗಳಿಗೆ ಫೀಡೇ ಬೇಡ, ಬಂದ ನೀರನ್ನೇ ಸೋಸಿ ತಿನ್ನುತ್ತವೆ. ಇದಕ್ಕೇ ನನಗೆ ಅವುಗಳ ಮೇಲೆ ಪ್ರೀತಿ ಜಾಸ್ತಿ.

ಔಷಧ ಏನು ಹಾಕುತ್ತಾರೆ? ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ನಿಷೇಧವಾಗಿವೆ. ಒಂದು ಕಂಟೇನರಿನಲ್ಲಿ ಅದರ ಅಂಶ ಸಿಕ್ಕಿದರೆ ಯುರೋಪಿನಿಂದ ಸಿಗಡಿ ವಾಪಸ್. ಎಲ್ಲೋ ಒಂದು ಹೊಂಡದ ತಪ್ಪಿಗೆ ಊರೆಲ್ಲ ದಂಡ ತೆರುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ, ಅದು ನಿಷೇಧಿತ, ಕೆರೆಗೆ ತಪ್ಪಿಸಿಕೊಂಡರೆ ನಮ್ಮ ಮೀನುಗಳನ್ನು ಉಳಿಸುವುದಿಲ್ಲ.

ಸಿಗಡಿ ಇತಿಹಾಸ ಸ್ವಲ್ಪ ಓದಿಕೊಳ್ಳಿ. 1990ರ ದಶಕದಲ್ಲಿ ಪೂರ್ವ ಕರಾವಳಿಯಲ್ಲಿ ಸಿಕ್ಕ ಸಿಕ್ಕಲ್ಲಿ ಹೊಂಡ ತೋಡಿದರು, ಬಾವಿ ಗದ್ದೆಗಳು ಉಪ್ಪಾದವು, ಬಿಳಿಚುಕ್ಕೆ ರೋಗ ಬಂದು ಹೊಂಡಗಳೂ ಖಾಲಿಯಾದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಟುವಾದ ತೀರ್ಪು ಕೊಟ್ಟಿತು, 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು. ಸಿಗಡಿ ಫಾರಂಗೆ ಅಲ್ಲಿ ನೋಂದಣಿ ಬೇಕು. ಇಂಟರ್ವ್ಯೂನಲ್ಲಿ ಈ ಕಾಯ್ದೆಯ ಬಗ್ಗೆ ಕೇಳಿಯೇ ಕೇಳುತ್ತಾರೆ.

7. ವಿದೇಶ

ಬೇಗ ಹೇಳಿ ಮುಗಿಸುತ್ತೇನೆ. ಬೆಲ್ಜಿಯಂನ ಗೆಂಟ್, ನೆದರ್‌ಲ್ಯಾಂಡ್ಸ್‌ನ ವಾಗನಿಂಗನ್, ಸ್ಕಾಟ್ಲೆಂಡಿನ ಸ್ಟರ್ಲಿಂಗ್, ಬ್ಯಾಂಕಾಕ್ ಪಕ್ಕದ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಜಲಕೃಷಿ ಎಂಎಸ್ಸಿಗೆ ಹೆಸರುವಾಸಿ. ನಾರ್ವೆಯಲ್ಲಿ ಫೀಸೇ ಇಲ್ಲ ಅನ್ನುವ ಹಳೇ ಮಾತು ನಂಬಬೇಡಿ, 2023ರಿಂದ ಯುರೋಪಿನ ಹೊರಗಿನವರಿಗೆ ಫೀಸು ಇದೆ. ಅಲ್ಲಿ ಕಲಿಯುವುದು ತಣ್ಣೀರಿನ ಸಾಲ್ಮನ್. ಇಲ್ಲಿಗೇ ವಾಪಸ್ ಬರುವ ಯೋಚನೆ ಇದ್ದರೆ ಥೈಲ್ಯಾಂಡೇ ನಮಗೆ ಹತ್ತಿರ, ನೀರಿನಲ್ಲೂ ಊಟದಲ್ಲೂ.

8. ಕೆಲಸ

ಇಲಾಖೆಯ ಹುದ್ದೆಗಳು ಕೆಪಿಎಸ್‌ಸಿ ಮೂಲಕ, ಕಾದು ಕೂರಬೇಡಿ. ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗೆ ಬಿಎಫ್‌ಎಸ್ಸಿಯವರೂ ಅರ್ಹರು, ನಮ್ಮ ಬ್ಯಾಚಿನ ಒಳ್ಳೊಳ್ಳೆಯ ತಲೆಗಳು ಅಲ್ಲೇ ಹೋಗಿ ಕೂತಿವೆ. ವಿಜ್ಞಾನಿ ಆಗಬೇಕೆಂದರೆ ಐಸಿಎಆರ್‌ನ ಕೃಷಿ ಸಂಶೋಧನಾ ಸೇವೆಯ (ಎಆರ್‌ಎಸ್) ಪರೀಕ್ಷೆ. ಉಳಿದದ್ದು ಖಾಸಗಿ: ಹ್ಯಾಚರಿ, ಫೀಡ್ ಕಂಪನಿ, ಲ್ಯಾಬ್, ರಫ್ತು ಘಟಕ. ಫೀಡ್ ಕಂಪನಿಯಲ್ಲಿ ಬೈಕ್ ಮೇಲೆ ಹೊಂಡದಿಂದ ಹೊಂಡಕ್ಕೆ ಸುತ್ತಿಸುತ್ತಾರೆ. ಅಲ್ಲಿ ಟಾರ್ಗೆಟ್ ಇರುತ್ತದೆ, ರೈತನಿಗೆ ಬೇಡದ ಚೀಲವನ್ನೂ ಮಾರು ಅನ್ನುತ್ತಾರೆ. ಆದರೂ ಒಂದು ವರ್ಷದಲ್ಲಿ ನೂರು ಹೊಂಡದ ನೀರು ನೋಡುವ ಅವಕಾಶ ಬೇರೆಲ್ಲೂ ಸಿಗುವುದಿಲ್ಲ.

ಮೊದಲ ಕೆಲಸಕ್ಕೆ ಸಂಬಳ ಕಡಿಮೆ ಇರುತ್ತದೆ, ರೂಮು ಊಟ ಫಾರಂನಲ್ಲೇ. ಸೇರುವ ಮುಂಚೆ ಹೋಗಿ ಎರಡು ಸಂಗತಿ ನೋಡಿ: ಜನರೇಟರಿನ ಡೀಸೆಲ್ ಗೇಜು, ಮತ್ತು ಹಿಂದಿನ ವರ್ಷದ ನೀರಿನ ರಿಜಿಸ್ಟರು. ರಿಜಿಸ್ಟರಿನಲ್ಲಿ ತಿಂಗಳಿಡೀ ಒಂದೇ ಪೆನ್ನು, ಒಂದೇ ಕೈಬರಹ, ಪ್ರತಿದಿನ ಪಿಎಚ್ 7.5 ಅಂತಿದ್ದರೆ ಅದನ್ನು ಒಂದೇ ಸಂಜೆ ಕೂತು ಬರೆದಿದ್ದಾರೆ. ಅಂಥ ಕಡೆ ಸೇರಲೇಬೇಕಾಗಿ ಬಂದರೆ ಸ್ವಂತದ್ದೊಂದು ನೋಟ್‌ಬುಕ್ ಇಟ್ಟುಕೊಳ್ಳಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ. ಪೆನ್ನು ಬೇಡ, ಪೆನ್ಸಿಲ್. ಒದ್ದೆ ಕಾಗದದ ಮೇಲೆ ಬರೆಯುವುದು ಅದೊಂದೇ.